ಯಾರ ಮನೆಯಲ್ಲಿ ಸೋಮವಾರ, ಯಾರ ಮನೆಯಲ್ಲಿ ದಸರಾ

ಗಂಡ ಹೆಂಡತಿ ಬೇರೆಯಾಗುವಾಗ ನೆಂಟರಿಷ್ಟರು ಮೊದಲು ಕೇಳುವುದು ‘ಮಗು ಯಾರಿಗೆ?’ ಎಂದು. ಕಾನೂನು ಇದನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿ ನೋಡುತ್ತದೆ. ಮಗುವಿನ ಪರವಾಗಿ ಸಹಿ ಹಾಕುವ, ಅದರ ಆಸ್ತಿ ನೋಡಿಕೊಳ್ಳುವ, ಓದು ಮತ್ತು ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಅಧಿಕಾರ ಯಾರದು ಎಂಬುದು ಮೊದಲನೆಯದು; ಅದು ಪಾಲಕತ್ವ. ಮಗು ದಿನವೂ ಯಾರ ಮನೆಯಲ್ಲಿ ಮಲಗಿ ಏಳುತ್ತದೆ ಎಂಬುದು ಎರಡನೆಯದು; ಅದು ಸುಪರ್ದಿ, ಕೋರ್ಟಿನ ಪಡಸಾಲೆಯಲ್ಲಿ ಎಲ್ಲರ ಬಾಯಲ್ಲೂ ಕಸ್ಟಡಿ. ಮಗು ಯಾರ ಬಳಿ ಇಲ್ಲವೋ ಅವರು ಅದನ್ನು ಯಾವಾಗ, ಎಲ್ಲಿ, ಎಷ್ಟು ಹೊತ್ತು ಕಾಣಬಹುದು ಎಂಬುದು ಮೂರನೆಯದು. ಅದು ಭೇಟಿಯ ಹಕ್ಕು. ಮೂರೂ ಒಬ್ಬರ ಪಾಲಿಗೇ ಬರಬೇಕೆಂದೇನೂ ಇಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಬೆಂಗಳೂರಿನ ಒಂದು ಪ್ರಕರಣದಲ್ಲಿ ತಾಯಿಯನ್ನು ಕಳೆದುಕೊಂಡ ಮಕ್ಕಳು ತಾಯಿಯ ಕಡೆಯವರ ಬಳಿ ಇದ್ದರು, ತಂದೆ ಮರುಮದುವೆಯಾಗಿದ್ದರು. ಕಾನೂನಿನ ಪ್ರಕಾರ ಪಾಲಕ ತಂದೆಯೇ ಆದರೂ, ಅಷ್ಟರಿಂದಲೇ ಮಕ್ಕಳನ್ನು ತಕ್ಷಣ ಅವರ ವಶಕ್ಕೆ ಕೊಡಬೇಕಿಲ್ಲ ಎಂದು ಹೇಳಿ ನ್ಯಾಯಾಲಯ ಮಧ್ಯಂತರ ಸುಪರ್ದಿಯನ್ನು ತಾಯಿಯ ಕಡೆಯವರ ಬಳಿಯೇ ಉಳಿಸಿತು.

ಈ ವಿಷಯದ ಮೂಲ ಕಾನೂನು ಬ್ರಿಟಿಷರ ಕಾಲದ್ದು, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ 17ನೇ ಕಲಮು ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರಾಗಲು ಬಂದವರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಂದಿಗೆ ಅವರ ಸಂಬಂಧ ಇವನ್ನೆಲ್ಲ ನೋಡಬೇಕೆನ್ನುತ್ತದೆ. ತಿಳಿದು ಹೇಳುವ ವಯಸ್ಸಿನ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಹಿಂದೂಗಳಿಗೆ ಇದರ ಜೊತೆಗೆ 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಇದೆ. ಸಹಜ ಪಾಲಕ ತಂದೆ, ‘ಅವನ ನಂತರ’ ತಾಯಿ ಎಂದು ಅದರ 6ನೇ ಕಲಮು. ಆ ‘ನಂತರ’ ಎಂಬ ಒಂದು ಪದದ ಮೇಲೆ ದೊಡ್ಡ ವಾದವೇ ನಡೆಯಿತು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕ್ ಬಾಂಡ್ ಕೊಳ್ಳಲು ಪಾಲಕಿಯಾಗಿ ಸಹಿ ಹಾಕಿದಾಗ ಬ್ಯಾಂಕ್ ಅದನ್ನು ಒಪ್ಪಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್, ‘ನಂತರ’ ಎಂದರೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದಾಗಲೂ ತಾಯಿಯೇ ಪಾಲಕಿ ಎಂದು ಅರ್ಥೈಸಿತು. ಕಾಯ್ದೆಯ ಅಕ್ಷರ ಮಾತ್ರ ಇಂದಿಗೂ ಹಾಗೆಯೇ ಇದೆ. ಅರ್ಥ ಬದಲಾಗಿ ಎರಡು ದಶಕ ಕಳೆದರೂ ಶಾಲೆ, ಬ್ಯಾಂಕುಗಳ ಫಾರಂಗಳಲ್ಲಿ ‘ತಂದೆಯ ಸಹಿ’ ಎಂಬ ಖಾಲಿ ಗೆರೆ ಕಾಣಿಸಿಕೊಳ್ಳುವುದು ಅದರ ಫಲವೇ ಇರಬೇಕು.

ಅದೇ 6ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಐದು ವರ್ಷ ತುಂಬದ ಮಗುವಿನ ಸುಪರ್ದಿ ‘ಸಾಮಾನ್ಯವಾಗಿ’ ತಾಯಿಗೆ. ‘ಐದರವರೆಗೆ ತಾಯಿಗೆ, ಆಮೇಲೆ ತಂದೆಗೆ’ ಎಂದು ಜನರ ಬಾಯಲ್ಲಿ ಇದು ತಿರುಚಿಕೊಂಡಿದೆ. ಕಾಯ್ದೆಯಲ್ಲಿ ಹಾಗಿಲ್ಲ. ಐದು ತುಂಬಿದ ಹುಟ್ಟುಹಬ್ಬದಂದು ಮಗು ತಾನಾಗಿ ಯಾರ ಬಳಿಗೂ ಹೋಗಬೇಕಿಲ್ಲ. ಐದರೊಳಗಿನ ಮಗುವಿಗೂ ತಾಯಿಯ ಬಳಿ ಅಪಾಯವಿದ್ದರೆ ನ್ಯಾಯಾಲಯ ಬೇರೆ ದಾರಿ ಹಿಡಿಯಬಹುದು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ತಾಯಿಯ ಈ ಹಕ್ಕಿಗೆ ಹಿಜಾನತ್ ಎಂದು ಹೆಸರು. ಹನಫಿ ಪಂಥದ ಪ್ರಕಾರ ಗಂಡುಮಗುವಿಗೆ ಏಳು ವರ್ಷವಾಗುವವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ತಾಯಿಯ ಬಳಿ. ಶಿಯಾ ಪಂಥದಲ್ಲಿ ಈ ಅವಧಿ ಕ್ರಮವಾಗಿ ಎರಡು ಮತ್ತು ಏಳು ವರ್ಷ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ. ಹೀಗೆ ದಾರಿಗಳು ಬೇರೆ ಬೇರೆಯಾದರೂ ಕೊನೆಗೆ ಎಲ್ಲವೂ ಹೋಗಿ ನಿಲ್ಲುವುದು ಒಂದೇ ಅಳತೆಗೋಲಿನ ಮುಂದೆ: ಮಗುವಿನ ಹಿತ. 1956ರ ಕಾಯ್ದೆಯ 13ನೇ ಕಲಮು ಅದನ್ನೇ ಎಲ್ಲಕ್ಕಿಂತ ಮೇಲೆ ಇಟ್ಟಿದೆ.

ಹಿತ ಎಂಬ ಪದ ಹೇಳಲು ಸುಲಭ. ನ್ಯಾಯಾಧೀಶರ ಮುಂದೆ ಅದು ಸಣ್ಣ ಸಣ್ಣ ವಿವರಗಳಾಗಿ ಒಡೆಯುತ್ತದೆ. ಇಷ್ಟು ದಿನ ಮಗುವಿಗೆ ಊಟ ಮಾಡಿಸಿದವರು, ಶಾಲೆಯ ಪೋಷಕರ ಸಭೆಗೆ ಹೋದವರು, ಜ್ವರ ಬಂದ ರಾತ್ರಿ ಎದ್ದು ಕೂತವರು ಯಾರು? ಈಗಿರುವ ಶಾಲೆ ಬಿಡಬೇಕಾಗುತ್ತದೆಯೇ? ಅಣ್ಣ ತಂಗಿಯರು ಬೇರೆಯಾಗುತ್ತಾರೆಯೇ? ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆಯೇ? ಕುಡಿತ, ಹೊಡೆತ ಇದೆಯೇ? ಸಂಬಳ ಹೆಚ್ಚಿರುವವರಿಗೇ ಮಗು ಎಂಬ ನಂಬಿಕೆಗೆ ಆಧಾರವಿಲ್ಲ. ದುಡ್ಡಿನ ಕೊರತೆಯನ್ನು ಇನ್ನೊಬ್ಬರು ಕೊಡುವ ಜೀವನಾಂಶದಿಂದ ತುಂಬಬಹುದು. ತಾಯಿ ಕೆಲಸಕ್ಕೆ ಹೋಗುತ್ತಾಳೆ ಎಂಬುದು ಅವಳ ವಿರುದ್ಧದ ಸಾಕ್ಷಿಯಲ್ಲ, ತಂದೆ ಗಂಡಸು ಎಂಬುದೂ ಅವನ ವಿರುದ್ಧದ ಸಾಕ್ಷಿಯಲ್ಲ. ಗಂಡ ಹೆಂಡತಿಯರ ನಡುವೆ ತಪ್ಪು ಯಾರದು ಎಂಬ ಲೆಕ್ಕವೂ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಕೆಟ್ಟ ಗಂಡ ಒಳ್ಳೆಯ ಅಪ್ಪನಾಗಿರಬಹುದು ಎಂಬುದನ್ನು ಒಪ್ಪಿಕೊಳ್ಳಲು ಕಕ್ಷಿದಾರರಿಗೆ ಕಷ್ಟ, ಅವರ ತವರಿನವರಿಗೆ ಇನ್ನೂ ಕಷ್ಟ.

ಮಗುವಿನ ಮಾತನ್ನು ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೊಠಡಿಯಲ್ಲಿ, ತಂದೆ ತಾಯಿ ಇಲ್ಲದಾಗ ಕೇಳುತ್ತಾರೆ. ‘ನಿನಗೆ ಯಾರು ಬೇಕು?’ ಎಂದು ನೇರವಾಗಿ ಕೇಳುವವರು ಕಡಿಮೆ. ಶಾಲೆಗೆ ಹೇಗೆ ಹೋಗುತ್ತೀಯ, ಊಟಕ್ಕೆ ಏನು ಇಷ್ಟ, ರಾತ್ರಿ ಯಾರ ಪಕ್ಕ ಮಲಗುತ್ತೀಯ ಎಂಬ ಮಾತಿನಲ್ಲೇ ಬೇಕಾದ್ದು ಗೊತ್ತಾಗುತ್ತದೆ. ಹೇಳಿಕೊಟ್ಟ ಮಾತೂ ಅಲ್ಲೇ ಬಯಲಾಗುತ್ತದೆ: ಎಂಟು ವರ್ಷದ ಹುಡುಗ ವಕೀಲರ ನೋಟಿಸಿನ ಭಾಷೆಯಲ್ಲಿ ಮಾತಾಡಿದರೆ ಅದು ಅವನ ಮಾತಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ಬೇಕಾದರೆ ಆಪ್ತಸಮಾಲೋಚಕರ, ಮನೋವೈದ್ಯರ ನೆರವನ್ನೂ ಪಡೆಯಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಅವಕಾಶವಿದೆ.

ಅರ್ಜಿ ಎಲ್ಲಿ ಹಾಕಬೇಕು ಎಂಬಲ್ಲೇ ಎಷ್ಟೋ ಪ್ರಕರಣಗಳು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತವೆ. 1890ರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಅಧಿಕಾರ. ದಂಪತಿ ಬೆಂಗಳೂರಿನಲ್ಲಿದ್ದು, ಜಗಳವಾದ ಮೇಲೆ ತಾಯಿ ಮಗುವಿನೊಂದಿಗೆ ಹುಬ್ಬಳ್ಳಿಯ ತವರಿಗೆ ಹೋದರೆ, ಮಗುವಿನ ಸಾಮಾನ್ಯ ವಾಸ ಯಾವುದು? ಹೋಗಿ ಹದಿನೈದು ದಿನವಾಗಿದ್ದರೆ ಒಂದು ಉತ್ತರ, ಅಲ್ಲೇ ಶಾಲೆಗೆ ಸೇರಿ ಎರಡು ವರ್ಷವಾಗಿದ್ದರೆ ಇನ್ನೊಂದು. ವಿಚ್ಛೇದನದ ಮೊಕದ್ದಮೆ ಆಗಲೇ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅಲ್ಲೇ ಮಗುವಿನ ಬಗ್ಗೆ ಆದೇಶ ಕೇಳಬಹುದು. ಮೊಕದ್ದಮೆ ನಡೆಯುತ್ತಿರುವಾಗಿನ ಮಗುವಿನ ಖರ್ಚು ಮತ್ತು ಓದಿನ ಅರ್ಜಿಯನ್ನು, ನೋಟಿಸ್ ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಮುಗಿಸಬೇಕೆಂದು ಅದೇ ಕಲಮು ಹೇಳುತ್ತದೆ. ಮನೆಯಲ್ಲಿ ಹಿಂಸೆ ಇದ್ದು ಹೆಂಡತಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರೆ, ಅವರೂ ತಾತ್ಕಾಲಿಕ ಸುಪರ್ದಿ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಎನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು.

ಕೌಟುಂಬಿಕ ನ್ಯಾಯಾಲಯ ಉಳಿದ ಸಿವಿಲ್ ಕೋರ್ಟಿನಂತಲ್ಲ. ರಾಜಿಗೆ ಪ್ರಯತ್ನಿಸುವುದು ಅಲ್ಲಿ ನ್ಯಾಯಾಧೀಶರ ಕರ್ತವ್ಯ. ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಲಯದ ಅನುಮತಿ ಬೇಕು ಎಂದು ಕಾಯ್ದೆ ಹೇಳುತ್ತದೆ. ವಕೀಲರಿಲ್ಲದ ಪ್ರಕರಣ ಮಾತ್ರ ಅಪರೂಪ. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಸಂಕೀರ್ಣದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಇವೆ, 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರವೂ ಇದೆ. ನ್ಯಾಯಾಧೀಶರು ಪ್ರಕರಣವನ್ನು ಅಲ್ಲಿಗೆ ಕಳಿಸಿದರೆ, ತರಬೇತಿ ಪಡೆದ ಮಧ್ಯಸ್ಥಗಾರರ ಮುಂದೆ ಇಬ್ಬರೂ ಕೂತು ಮಾತಾಡುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ, ನಾಳೆ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬರುವುದಿಲ್ಲ. ಒಪ್ಪಿದ್ದನ್ನು ಬರೆದು ನ್ಯಾಯಾಲಯಕ್ಕೆ ಕೊಟ್ಟರೆ ಅದೇ ಆದೇಶವಾಗುತ್ತದೆ.

ಊರ ಕಡೆ ಇನ್ನೊಂದು ಬಗೆಯ ಕಾಗದ ಚಾಲ್ತಿಯಲ್ಲಿದೆ. ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬರೆಸುವುದು, ಉತ್ತರ ಕರ್ನಾಟಕದಲ್ಲಿ ಸೋಡಚೀಟಿಯ (ಬಿಡುಗಡೆ ಪತ್ರದ) ಜೊತೆಗೇ ಮಗುವಿನ ವಿಷಯವನ್ನೂ ಒಂದು ಸಾಲಿನಲ್ಲಿ ಮುಗಿಸುವುದು. ‘ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಯಾವ ಹಕ್ಕೂ ಇರುವುದಿಲ್ಲ, ತಾಯಿ ಖರ್ಚು ಕೇಳತಕ್ಕದ್ದಲ್ಲ’ ಎಂಬ ಧಾಟಿಯ ಈ ಬರಹ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಮಗುವಿಗೆ ಸಲ್ಲಬೇಕಾದ್ದನ್ನು ತಾಯಿ ತನ್ನ ಒಪ್ಪಂದದಲ್ಲಿ ಬಿಟ್ಟುಕೊಡಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲೂ ಮಗುವಿನ ವಿಷಯ ಮುಖ್ಯವಾಗುತ್ತದೆ: ಆರು ತಿಂಗಳ ಕಾಯುವ ಅವಧಿಯನ್ನು ಮನ್ನಾ ಮಾಡಬಹುದು ಎಂದ 2017ರ ತೀರ್ಪು ಅದಕ್ಕೆ ಇಟ್ಟ ಷರತ್ತುಗಳಲ್ಲಿ ಸುಪರ್ದಿಯ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು ಎಂಬುದೂ ಒಂದು.

ಇತ್ಯರ್ಥ ಎಂದರೆ ಎಷ್ಟು ವಿವರ? ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿಯೇ. ‘ತಂದೆಗೆ ಸೂಕ್ತ ಭೇಟಿಯ ಅವಕಾಶ ಕೊಡತಕ್ಕದ್ದು’ ಎಂಬ ಒಂದು ಸಾಲು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಮೊದಲ ಭಾನುವಾರವೇ ಅದರ ಬಣ್ಣ ಬಯಲು. ಸೂಕ್ತ ಎಂದರೆ ಬೆಳಗ್ಗೆ ಹತ್ತೋ, ಸಂಜೆ ನಾಲ್ಕೋ? ಕರೆದುಕೊಂಡು ಹೋಗಲು ಅವನು ಬರಬೇಕೋ, ಅವಳು ಬಿಟ್ಟು ಬರಬೇಕೋ? ಮನೆಯ ಬಾಗಿಲಲ್ಲೋ, ಅಪಾರ್ಟ್‌ಮೆಂಟಿನ ಗೇಟಿನಲ್ಲೋ? ಗೇಟಿನಲ್ಲಿ ನಡೆಯುವ ಐದು ನಿಮಿಷದ ಮಾತಿನ ಚಕಮಕಿಯನ್ನು ಮಗು ಇಡೀ ವಾರ ಹೊತ್ತು ತಿರುಗುತ್ತದೆ. ಅದಕ್ಕೇ ಅನುಭವವಿರುವ ವಕೀಲರು ಗಂಟೆ, ಜಾಗ, ಕರೆತರುವವರು ಎಲ್ಲವನ್ನೂ ಬರೆಸುತ್ತಾರೆ. ಇಬ್ಬರೂ ಮುಖ ನೋಡಲಾರದಷ್ಟು ಮುನಿಸಿದ್ದರೆ ಶಾಲೆಯೇ ಒಳ್ಳೆಯ ಜಾಗ: ಶುಕ್ರವಾರ ಒಬ್ಬರು ಬಿಡುತ್ತಾರೆ, ಸಂಜೆ ಇನ್ನೊಬ್ಬರು ಕರೆದೊಯ್ಯುತ್ತಾರೆ, ಸೋಮವಾರ ಅವರೇ ಶಾಲೆಗೆ ಬಿಡುತ್ತಾರೆ.

ವಾರದ ಲೆಕ್ಕಕ್ಕಿಂತ ರಜೆಯ ಲೆಕ್ಕ ಜಟಿಲ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದಸರಾ ರಜೆ ಉದ್ದ, ಬೇಸಿಗೆ ರಜೆ ಏಪ್ರಿಲ್ ಮೇ ತಿಂಗಳಲ್ಲಿ. ಕೇಂದ್ರ ಪಠ್ಯಕ್ರಮದ ಶಾಲೆಗಳ ಪಟ್ಟಿಯೇ ಬೇರೆ, ಡಿಸೆಂಬರಿನಲ್ಲೂ ರಜೆ. ‘ರಜೆಯಲ್ಲಿ ಅರ್ಧ’ ಎಂದು ಬರೆಯುವ ಬದಲು ‘ಮಗುವಿನ ಶಾಲೆಯ ಕ್ಯಾಲೆಂಡರಿನಂತೆ ಬೇಸಿಗೆ ರಜೆಯ ಮೊದಲ ಅರ್ಧ ಸಮಸಂಖ್ಯೆಯ ವರ್ಷದಲ್ಲಿ ತಾಯಿಯೊಂದಿಗೆ, ಬೆಸಸಂಖ್ಯೆಯ ವರ್ಷದಲ್ಲಿ ತಂದೆಯೊಂದಿಗೆ’ ಎಂದು ಬರೆದರೆ ಪ್ರತಿ ಮಾರ್ಚಿನಲ್ಲೂ ಹೊಸದಾಗಿ ಚೌಕಾಸಿ ಮಾಡಬೇಕಿಲ್ಲ. ಯುಗಾದಿ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ವರ್ಷ ಬಿಟ್ಟು ವರ್ಷ. ಮಗುವಿನ ಹುಟ್ಟುಹಬ್ಬದಂದು ಇನ್ನೊಬ್ಬರಿಗೂ ಎರಡು ಗಂಟೆ. ಊರಿನ ಜಾತ್ರೆ, ಚಿಕ್ಕಪ್ಪನ ಮದುವೆ, ಅಜ್ಜಿಯ ಕಾಯಿಲೆ ಇಂಥವಕ್ಕೆ ಇಷ್ಟು ದಿನ ಮುಂಚೆ ತಿಳಿಸಿ ದಿನ ಬದಲಿಸಿಕೊಳ್ಳುವ ಒಂದು ಸಾಲು. ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಆ ದಿನ ಮುಂದಿನ ವಾರಕ್ಕೆ ಸೇರುತ್ತದೋ ಇಲ್ಲವೋ, ಅದೂ ಇರಲಿ. ಇಷ್ಟೆಲ್ಲ ಬರೆಸುವುದು ಸಂಶಯದ ಸ್ವಭಾವ ಎಂದು ಕೆಲವರಿಗೆ ಅನಿಸಬಹುದು. ವಿಶ್ವಾಸ ಉಳಿದ ಮನೆಯಲ್ಲಿ ಈ ಕಾಗದ ಕಪಾಟಿನಲ್ಲೇ ಇರುತ್ತದೆ, ತೆಗೆದು ನೋಡುವ ಪ್ರಸಂಗವೇ ಬರುವುದಿಲ್ಲ.

ವಯಸ್ಸು ಬದಲಾದಂತೆ ವೇಳಾಪಟ್ಟಿಯೂ ಬದಲಾಗಬೇಕು. ಹಾಲು ಕುಡಿಯುವ ಕೂಸಿಗೆ ಹದಿನೈದು ದಿನಕ್ಕೊಮ್ಮೆ ಇಡೀ ದಿನ ಎನ್ನುವುದಕ್ಕಿಂತ ವಾರಕ್ಕೆ ಮೂರು ಸಲ ಒಂದೆರಡು ಗಂಟೆ ಮೇಲು. ಅದು ಮುಖ ಮರೆಯುವುದು ಬೇಗ. ಪ್ರಾಥಮಿಕ ಶಾಲೆಯ ಮಗುವಿಗೆ ವಾರಾಂತ್ಯದ ರಾತ್ರಿ ವಾಸ ಹೊಂದುತ್ತದೆ. ಹೈಸ್ಕೂಲಿನ ಹುಡುಗ ಹುಡುಗಿಗೆ ಟ್ಯೂಷನ್, ಆಟ, ಗೆಳೆಯರ ನಡುವೆ ಯಾವ ಪಟ್ಟಿಯೂ ಗಟ್ಟಿಯಾಗಿ ನಿಲ್ಲದು. ಅಪರಿಚಿತತೆ ಬೆಳೆದಿದ್ದರೆ, ಅಥವಾ ಸುರಕ್ಷತೆಯ ಬಗ್ಗೆ ಆತಂಕವಿದ್ದರೆ, ಮೊದಮೊದಲು ಇನ್ನೊಬ್ಬರ ಸಮ್ಮುಖದಲ್ಲೇ ಭೇಟಿ. ದೇಶದ ಹಲವು ಕೌಟುಂಬಿಕ ನ್ಯಾಯಾಲಯಗಳ ಆವರಣದಲ್ಲಿ ಇದಕ್ಕೆಂದೇ ಆಟಿಕೆ ಇಟ್ಟ ಕೊಠಡಿಗಳಿವೆ. ಪ್ಲಾಸ್ಟಿಕ್ ಕುದುರೆಯ ಮೇಲೆ ಕೂತ ಮಗು, ಎದುರಿನ ಕುರ್ಚಿಯಲ್ಲಿ ಗಡಿಯಾರ ನೋಡುವ ಅಪ್ಪ, ಬಾಗಿಲಾಚೆ ನಿಂತ ಅಮ್ಮ: ಸಂಬಂಧ ಮತ್ತೆ ಹುಟ್ಟಲು ಅದು ಹಿತವಾದ ಜಾಗವೇನಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇಬ್ಬರಿಗೂ ಸಮನಾದ ಕಾಲ ಎಂಬ ಜಂಟಿ ಸುಪರ್ದಿ ನಮ್ಮ ಕಾಯ್ದೆಗಳಲ್ಲಿ ಹೆಸರಿಟ್ಟು ಬಂದಿಲ್ಲ. ನ್ಯಾಯಾಲಯಗಳು ಅದನ್ನು ಪ್ರಯೋಗಿಸಿ ನೋಡಿವೆ, ಆ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ 2013ರ ಒಂದು ತೀರ್ಪಿನ ಹೆಸರು ಆಗಾಗ ಕೇಳಿಬರುತ್ತದೆ. ಅದರ ಪ್ರಕಾರ ಮಗು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಬೇಕು. ಶನಿವಾರ ಭಾನುವಾರ ಇನ್ನೊಬ್ಬರು ಭೇಟಿ ಮಾಡಬಹುದು. ಮಗು ಫೋನ್ ಅಥವಾ ವಿಡಿಯೊ ಮೂಲಕ ಇಬ್ಬರೊಂದಿಗೂ ಮಾತಾಡಬಹುದು. ಓದಿನ ಖರ್ಚು ಇಬ್ಬರದೂ ಸಮಪಾಲು ಎಂದು ದ್ವಿಸದಸ್ಯ ಪೀಠ ಹೇಳಿತು. 2015ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಸುಪರ್ದಿಗೆ ಕಾಯ್ದೆಯಲ್ಲೇ ಜಾಗ ಕೊಡಬೇಕೆಂದು ಶಿಫಾರಸು ಮಾಡಿತು. ಆರಾರು ತಿಂಗಳ ಹಂಚಿಕೆ ಎರಡೂ ಮನೆಗಳಿಂದ ಒಂದೇ ಶಾಲೆಗೆ ಹೋಗಿಬರಲು ಸಾಧ್ಯವಾದಾಗ ಮಾತ್ರ ನಡೆಯುವಂಥದ್ದು. ಒಬ್ಬರು ಜಯನಗರ, ಇನ್ನೊಬ್ಬರು ವೈಟ್‌ಫೀಲ್ಡ್ ಆದರೂ ಟ್ರಾಫಿಕ್ಕೇ ಅದನ್ನು ಸೋಲಿಸುತ್ತದೆ.

ದುಡ್ಡು ಮತ್ತು ಭೇಟಿ ಎರಡೂ ಬೇರೆ ಬೇರೆ ಖಾತೆ. ಜೀವನಾಂಶ ಬಂದಿಲ್ಲವೆಂದು ಮಗುವನ್ನು ತೋರಿಸದಿರುವುದು, ತೋರಿಸಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು, ಎರಡೂ ಆದೇಶದ ಉಲ್ಲಂಘನೆಯೇ. ಬಾಕಿ ವಸೂಲಿಗೆ ಅದರದೇ ಅರ್ಜಿ ಇದೆ. ಮೊತ್ತ ನಿಗದಿಗೆ 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಶಾಲಾ ಶುಲ್ಕ ನೇರ ಶಾಲೆಗೆ, ಆರೋಗ್ಯ ವಿಮೆ ಯಾರ ಹೆಸರಿನಲ್ಲಿ, ವಿಮೆಗೆ ಸಿಗದ ಆಸ್ಪತ್ರೆ ಖರ್ಚು ಯಾರದು ಎಂದು ಬಿಡಿಸಿ ಬರೆದಷ್ಟೂ ಮುಂದಿನ ವಾಯಿದೆಗಳು ಕಡಿಮೆ.

ಆದೇಶ ಮುರಿದವರ ಮೇಲೆ ಅಮಲ್ಜಾರಿ ಅರ್ಜಿ ಹಾಕಬಹುದು, ನ್ಯಾಯಾಂಗ ನಿಂದನೆಯ ದಾರಿಯೂ ಇದೆ. ಇವೆರಡಕ್ಕೂ ಸಿಕ್ಕದ ಮುರಿತ ಒಂದಿದೆ. ಮಗುವನ್ನು ಸಮಯಕ್ಕೆ ಸರಿಯಾಗಿ ಕಳಿಸುತ್ತಾ, ಇನ್ನೊಬ್ಬರ ಬಗ್ಗೆ ಅದರ ಕಿವಿಗೆ ವಿಷ ಹನಿಸುವುದು. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನು ಹೆಸರಿಸಿಯೇ ಚರ್ಚಿಸಿತು. ಮಗು ‘ನಾನು ಅಪ್ಪನ ಬಳಿ ಹೋಗಲ್ಲ’ ಎಂದರೆ ಅದು ಅದರ ಅನುಭವದ ಮಾತೋ, ಜೊತೆಗಿರುವವರನ್ನು ಮೆಚ್ಚಿಸುವ ಮಾತೋ ಎಂಬುದನ್ನು ಬಿಡಿಸುವುದು ಕಷ್ಟ. ನಿಜವಾದ ಭಯವನ್ನು ‘ತಾಯಿ ಹೇಳಿಕೊಟ್ಟದ್ದು’ ಎಂದು ತಳ್ಳಿಹಾಕುವ ಅಪಾಯವೂ ಅಷ್ಟೇ ಇದೆ.

ಸಾಗರದಾಚೆ ಕೆಲಸಕ್ಕೆ ಹೋದ ಕನ್ನಡಿಗರ ಮನೆಗಳಲ್ಲಿ ಈ ಇಡೀ ಲೆಕ್ಕಕ್ಕೆ ಎರಡು ದೇಶಗಳ ಕಾನೂನು ಸೇರಿಕೊಳ್ಳುತ್ತದೆ. ಅಮೆರಿಕದ ರಾಜ್ಯಗಳಲ್ಲಿ, ಅರ್ಜಿಗೆ ಮುನ್ನ ಮಗು ಆರು ತಿಂಗಳು ವಾಸಿಸಿದ ರಾಜ್ಯವೇ ಸಾಮಾನ್ಯವಾಗಿ ಸುಪರ್ದಿ ತೀರ್ಮಾನಿಸುತ್ತದೆ. ಅಲ್ಲಿ ಪ್ರಕರಣ ನಡೆಯುತ್ತಿರುವಾಗಲೇ ಒಬ್ಬರು ‘ಅಜ್ಜಿಯನ್ನು ನೋಡಿ ಬರುತ್ತೇವೆ’ ಎಂದು ಮಗುವಿನೊಂದಿಗೆ ಮೈಸೂರಿಗೋ ಮಂಗಳೂರಿಗೋ ಬಂದು ಇಲ್ಲೇ ಉಳಿದುಬಿಡುವುದುಂಟು. ಮಕ್ಕಳನ್ನು ಹೀಗೆ ದೇಶ ದಾಟಿಸಿದಾಗ ಬೇಗ ಹಿಂದಿರುಗಿಸಲು 1980ರ ಹೇಗ್ ಒಪ್ಪಂದವಿದೆ. ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ವಿದೇಶಿ ನ್ಯಾಯಾಲಯದ ಆದೇಶ ಇಲ್ಲಿ ತಾನಾಗಿ ಜಾರಿಯಾಗದು. ಅದು ತೂಗಿ ನೋಡಬೇಕಾದ ಹಲವು ಅಂಶಗಳಲ್ಲಿ ಒಂದು ಮಾತ್ರ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗು ಬಂದು ಎಷ್ಟು ಕಾಲವಾಯಿತು, ಇಲ್ಲಿ ಎಷ್ಟು ಬೇರೂರಿದೆ ಎಂಬುದು ಆಗ ನಿರ್ಣಾಯಕವಾಗುತ್ತದೆ. ಬೇರೆ ರಾಜ್ಯ, ಬೇರೆ ದೇಶಗಳಲ್ಲಿರುವ ತಂದೆ ತಾಯಿಯ ಬಗ್ಗೆ 2020ರ ತೀರ್ಪೊಂದು, ದಿನಕ್ಕೆ ಐದರಿಂದ ಹತ್ತು ನಿಮಿಷವಾದರೂ ಮಗುವಿನೊಂದಿಗೆ ವಿಡಿಯೊ ಮಾತುಕತೆಗೆ ಅವಕಾಶ ಸಿಗುವಂತೆ ನ್ಯಾಯಾಲಯಗಳು ನೋಡಬೇಕು ಎಂದಿದೆ. ಬೆಂಗಳೂರಿನ ರಾತ್ರಿ ಊಟದ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗು, ಆದ್ದರಿಂದ ಆ ಹತ್ತು ನಿಮಿಷ ಯಾವ ಹತ್ತು ನಿಮಿಷ ಎಂಬುದನ್ನೂ ಬರೆದಿಡಬೇಕಾಗುತ್ತದೆ. ಮಗುವಿನ ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ನವೀಕರಣಕ್ಕೆ ಇಬ್ಬರೂ ಸಹಿ ಹಾಕುತ್ತಾರೆಯೇ, ಪ್ರಯಾಣಕ್ಕೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬವೂ ಆ ಕಾಗದಕ್ಕೇ ಸೇರುತ್ತವೆ.

ಸುಪರ್ದಿಯ ಯಾವ ಆದೇಶವೂ ಅಂತಿಮವಲ್ಲ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಅದು ಮುಗಿದ ಮೇಲೂ ಸಂದರ್ಭ ಬದಲಾದರೆ ಅದೇ ನ್ಯಾಯಾಲಯಕ್ಕೆ ಮರಳಬಹುದು. ವರ್ಗಾವಣೆ, ಮರುಮದುವೆ, ಕಾಯಿಲೆ, ಮಗುವಿನದೇ ಬದಲಾದ ಮನಸ್ಸು, ಎಲ್ಲವೂ ಕಾರಣವಾಗಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 1973ರಲ್ಲೇ ಒಪ್ಪಿದೆ. ಮರುಮದುವೆಯೊಂದರಿಂದಲೇ ಸುಪರ್ದಿ ಕೈತಪ್ಪುವುದಿಲ್ಲ, ಹೊಸ ಮನೆಯಲ್ಲಿ ಮಗು ಹೇಗಿದೆ ಎಂದು ನೋಡುತ್ತಾರೆ. ಮಗುವಿಗೆ 18 ತುಂಬಿದ ದಿನ ಪಾಲಕತ್ವ, ಸುಪರ್ದಿ, ಭೇಟಿ ಮೂರೂ ಆದೇಶಗಳು ಬಿದ್ದುಹೋಗುತ್ತವೆ. ಆಮೇಲೆ ಯಾರ ಮನೆಗೆ ಯಾವಾಗ ಹೋಗಬೇಕೆಂಬುದು ಅವರಿಗೇ ಬಿಟ್ಟದ್ದು. ಖರ್ಚಿನ ಹೊಣೆ ಮಾತ್ರ ಅಲ್ಲಿಗೆ ಮುಗಿಯದಿರಬಹುದು: ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳು 18ರ ನಂತರವೂ ಜೀವನಾಂಶ ಕೇಳಲು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಲ್ಲಿ ಅವಕಾಶವಿದೆ.